ಕಹ್ರುಬಾದಿಂದ ಪರಮಾಣುವಿನವರೆಗೆ: ಒಂದು ಲೆಕ್ಕದ ಚರಿತ್ರೆ



ದ್ವಿತೀಯ ಪಿ.ಯು.ಸಿ. ಭೌತಶಾಸ್ತ್ರದ ಪುಸ್ತಕ ತೆರೆದರೆ ಮೊದಲ ಅಧ್ಯಾಯವೇ ವಿದ್ಯುದಾವೇಶಗಳದ್ದು. ಅಧ್ಯಾಯದ ಕೊನೆಯಲ್ಲಿ ಲೆಕ್ಕಗಳಿರುತ್ತವೆ. ಇಂತಿಷ್ಟು ಆವೇಶವುಳ್ಳ ಎರಡು ಗುಂಡುಗಳು ಇಂತಿಷ್ಟು ದೂರದಲ್ಲಿವೆ, ಅವುಗಳ ನಡುವಿನ ಬಲ ಎಷ್ಟು ಎಂಬ ಎರಡು ಸಾಲಿನ ಪ್ರಶ್ನೆ. ಉತ್ತರ ಬರೆಯಲು ಮೂರು ಸಾಲು ಸಾಕು. ಆದರೂ ಆ ಮೂರು ಸಾಲಿನಲ್ಲಿ ಎಡವಿ, "ನನಗೆ ಫಿಸಿಕ್ಸ್ ತಲೆಗೆ ಹತ್ತುವುದಿಲ್ಲ" ಎಂದು ಪುಸ್ತಕ ಮುಚ್ಚಿಟ್ಟ ಮಕ್ಕಳು ನಮ್ಮಲ್ಲಿ ಕಡಿಮೆಯೇನಿಲ್ಲ.

ಚಿಕ್ಕನಾಯಕನಹಳ್ಳಿಯಂಥ ಊರಿನಲ್ಲಿ ಇದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. ಮನೆಯಲ್ಲಿ ಆಡುವುದು ಉರ್ದು. ಶಾಲೆಯಲ್ಲಿ ಓದಿದ್ದು ಕನ್ನಡದಲ್ಲಿ ಅಥವಾ ಉರ್ದುವಿನಲ್ಲಿ. ಕಾಲೇಜಿನ ಬಾಗಿಲು ದಾಟಿದೊಡನೆ ಎಲ್ಲವೂ ಇಂಗ್ಲಿಷ್. ಕನ್ನಡ ಪುಸ್ತಕದ 'ಆವೇಶ', ಉರ್ದು ಪುಸ್ತಕದ 'ಬರ್ಕಿ ಬಾರ್', ಇಂಗ್ಲಿಷ್ ಪುಸ್ತಕದ 'ಚಾರ್ಜ್' ಮೂರೂ ಒಂದೇ ಎಂದು ಯಾರಾದರೂ ಹೇಳಿಕೊಡುವ ಹೊತ್ತಿಗೆ ಅಧ್ಯಾಯ ಮುಗಿದಿರುತ್ತದೆ. ಕನ್ನಡದಲ್ಲಿ ಆವೇಶವೆಂದರೆ ಮೈಮೇಲೆ ಬರುವುದು. ಉರ್ದುವಿನಲ್ಲಿ ಬಾರ್ ಎಂದರೆ ಹೊರೆ. ಇಂಗ್ಲಿಷಿನ ಚಾರ್ಜ್ ಎಂಬ ಮಾತಿನ ಮೂಲವೂ ಹೊರೆ ಹೇರುವುದೇ. ವಸ್ತುವಿನ ಮೇಲೆ ಹೇರಿದ ವಿದ್ಯುತ್ತಿನ ಹೊರೆ ಎಂದು ಭಾವಿಸಿಕೊಂಡರೆ ಮೂರು ಭಾಷೆಗಳೂ ಒಂದೇ ಕಡೆ ಬಂದು ನಿಲ್ಲುತ್ತವೆ.

ಈ ಲೆಕ್ಕ ಸಣ್ಣದು, ಆದರೆ ಅದನ್ನು ಬಿಟ್ಟವರು ಕಳೆದುಕೊಳ್ಳುವುದು ಸಣ್ಣದಲ್ಲ. ತೆಂಗಿನಕಾಯಿ ಸುಲಿದು, ಕೊಬ್ಬರಿ ಒಡೆದು, ಆ ಕೂಲಿಯಲ್ಲಿ ಫೀಸು ಕಟ್ಟುವ ಅಬ್ಬಾನ ಮಗಳು ಭೌತಶಾಸ್ತ್ರಕ್ಕೆ ಹೆದರಿ ವಿಜ್ಞಾನ ವಿಭಾಗ ಬಿಟ್ಟರೆ, ವೈದ್ಯಕೀಯ, ಎಂಜಿನಿಯರಿಂಗ್, ವಿಜ್ಞಾನದ ಶಿಕ್ಷಕಿ ಎಂಬ ಬಾಗಿಲುಗಳು ಅವಳಿಗೆ ಅಲ್ಲೇ ಮುಚ್ಚಿಹೋಗುತ್ತವೆ. ಆದ್ದರಿಂದ ಈ ಲೇಖನದಲ್ಲಿ ಆ ಮೂರು ಸಾಲಿನ ಲೆಕ್ಕದ ಚರಿತ್ರೆಯನ್ನು ನಿಮ್ಮ ಮುಂದಿಡುತ್ತೇನೆ. ಹಿಂದಿನವರು ಒಂದೊಂದನ್ನು ಯಾವ ಕ್ರಮದಲ್ಲಿ ಕಂಡುಹಿಡಿದರೋ ಅದೇ ಕ್ರಮದಲ್ಲಿ ನಾವು ಲೆಕ್ಕವನ್ನು ಬಿಡಿಸಬಹುದು. ಚರಿತ್ರೆ ಗೊತ್ತಿದ್ದವನಿಗೆ ಸೂತ್ರವನ್ನು ಉರು ಹೊಡೆಯುವ ಕಷ್ಟ ಇರುವುದಿಲ್ಲ.

ಹುಲ್ಲನ್ನು ಸೆಳೆಯುವ ಮಣಿ

ಹಿರಿಯರ ಕೈಯಲ್ಲಿ ಕಹ್ರುಬಾದ ತಸ್ಬೀಹ್ ನೋಡಿದ್ದೀರಾ? ಜೇನುತುಪ್ಪದ ಬಣ್ಣದ, ಬಹಳ ಹಗುರವಾದ ಮಣಿಗಳು. ಅದು ಕಲ್ಲಲ್ಲ. ಲಕ್ಷಾಂತರ ವರ್ಷಗಳ ಹಿಂದಿನ ಮರಗಳಿಂದ ಒಸರಿದ ಅಂಟು ಮಣ್ಣಿನಡಿ ಗಟ್ಟಿಯಾದದ್ದು. ಅದನ್ನು ಉಣ್ಣೆಯ ಬಟ್ಟೆಗೆ ಉಜ್ಜಿ ಒಣಹುಲ್ಲಿನ ಚೂರಿನ ಹತ್ತಿರ ತಂದರೆ ಹುಲ್ಲು ಹಾರಿ ಬಂದು ಅಂಟಿಕೊಳ್ಳುತ್ತದೆ. ಫಾರಸಿಯವರು ಇದನ್ನು ಕಂಡೇ 'ಕಾಹ್‌ರುಬಾ' ಎಂದು ಹೆಸರಿಟ್ಟರು. ಕಾಹ್ ಎಂದರೆ ಹುಲ್ಲು, ರುಬಾ ಎಂದರೆ ಸೆಳೆದೊಯ್ಯುವುದು. ಈ ಮಾತು ಅರಬ್ಬಿಗೆ ಹೋಗಿ, ಇಂದು ಅರಬ್ ದೇಶಗಳಲ್ಲಿ ಕರೆಂಟಿಗೇ 'ಕಹ್ರಬಾ' ಎನ್ನುತ್ತಾರೆ. ಕೊಲ್ಲಿ ದೇಶಗಳಲ್ಲಿ ದುಡಿದು ಬಂದ ನಮ್ಮ ಅಣ್ಣತಮ್ಮಂದಿರಿಗೆ ಈ ಮಾತು ಪರಿಚಿತ.

ಗ್ರೀಕರು ಇದೇ ವಸ್ತುವನ್ನು ಎಲೆಕ್ಟ್ರಾನ್ ಎಂದು ಕರೆಯುತ್ತಿದ್ದರು. ಇಂಗ್ಲೆಂಡಿನ ರಾಣಿ ಎಲಿಜಬೆತಳ ವೈದ್ಯನಾಗಿದ್ದ ವಿಲಿಯಂ ಗಿಲ್ಬರ್ಟ್ 1600ರಲ್ಲಿ ಕಾಂತಗಳ ಬಗ್ಗೆ ಒಂದು ಗ್ರಂಥ ಪ್ರಕಟಿಸಿದ. ಉಜ್ಜಿದಾಗ ಹುಲ್ಲು ಸೆಳೆಯುವ ಗುಣ ಗಾಜು, ಗಂಧಕ, ರಾಳ ಮುಂತಾದ ಎಷ್ಟೋ ವಸ್ತುಗಳಿಗೆ ಇದೆಯೆಂದು ಅದರಲ್ಲಿ ತೋರಿಸಿ, ಗ್ರೀಕ್ ಹೆಸರಿನಿಂದ 'ಎಲೆಕ್ಟ್ರಿಕ್' ಎಂಬ ಮಾತನ್ನು ಹುಟ್ಟಿಸಿದ. ಹೀಗೆ ಅರಬ್ಬಿಯ ಕಹ್ರಬಾ, ಇಂಗ್ಲಿಷಿನ ಎಲೆಕ್ಟ್ರಿಸಿಟಿ ಎರಡೂ ಒಂದೇ ಮಣಿಯ ಹೆಸರಿನಿಂದ ಬಂದವು.

ನೀವೂ ಇದನ್ನು ಮಾಡಿ ನೋಡಬಹುದು. ಸಂಕ್ರಾಂತಿ ಕಳೆದ ಮೇಲೆ ಗಾಳಿ ಒಣಗಿರುವ ದಿನಗಳಲ್ಲಿ ಪ್ಲಾಸ್ಟಿಕ್ ಬಾಚಣಿಗೆಯಿಂದ ಎಣ್ಣೆ ಹಚ್ಚದ ಒಣ ಕೂದಲು ಬಾಚಿ ಕಾಗದದ ಚೂರುಗಳ ಮೇಲೆ ಹಿಡಿಯಿರಿ. ಚೂರುಗಳು ಎದ್ದು ನಿಲ್ಲುತ್ತವೆ. ಮಳೆಗಾಲದಲ್ಲಿ ಇದೇ ಪ್ರಯೋಗ ಸೋಲುತ್ತದೆ, ಏಕೆಂದರೆ ತೇವದ ಗಾಳಿಯಲ್ಲಿ ಆವೇಶ ನಿಲ್ಲದೆ ಸೋರಿಹೋಗುತ್ತದೆ. ಈ ಸೋರಿಕೆಯ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಎರಡು ಬಗೆ, ಒಂದು ಖಾತೆ

1733ರಲ್ಲಿ ಫ್ರಾನ್ಸಿನ ದು ಫೇ ಎಂಬಾತ ಒಂದು ವಿಚಿತ್ರ ಗಮನಿಸಿದ. ಉಜ್ಜಿದ ಎರಡು ಗಾಜಿನ ಕಡ್ಡಿಗಳು ಪರಸ್ಪರ ದೂಡುತ್ತವೆ. ಉಜ್ಜಿದ ಎರಡು ರಾಳದ ತುಂಡುಗಳೂ ದೂಡುತ್ತವೆ. ಆದರೆ ಗಾಜನ್ನೂ ರಾಳವನ್ನೂ ಹತ್ತಿರ ತಂದರೆ ಸೆಳೆಯುತ್ತವೆ. ಹಾಗಾದರೆ ವಿದ್ಯುತ್ತು ಎರಡು ಬಗೆಯದಿರಬೇಕು ಎಂದು ಆತ ತೀರ್ಮಾನಿಸಿ ಒಂದನ್ನು ಗಾಜಿನದು, ಇನ್ನೊಂದನ್ನು ರಾಳದ್ದು ಎಂದು ಕರೆದ. ಸಜಾತಿ ಆವೇಶಗಳು ವಿಕರ್ಷಿಸುತ್ತವೆ, ವಿಜಾತಿ ಆವೇಶಗಳು ಆಕರ್ಷಿಸುತ್ತವೆ ಎಂದು ನೀವು ಬಾಯಿಪಾಠ ಮಾಡುವ ವಾಕ್ಯ ಇದೇ.

1747ರ ಸುಮಾರಿಗೆ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಇದಕ್ಕೆ ವ್ಯಾಪಾರಿಯ ಖಾತೆಯ ರೂಪ ಕೊಟ್ಟ. ಆತ ಮುದ್ರಣಾಲಯ ನಡೆಸುತ್ತಿದ್ದವನು, ಜಮಾಖರ್ಚು ಬಲ್ಲವನು. ಉಜ್ಜುವುದರಿಂದ ವಿದ್ಯುತ್ತು ಹೊಸದಾಗಿ ಹುಟ್ಟುವುದಿಲ್ಲ, ಒಂದರಿಂದ ಇನ್ನೊಂದಕ್ಕೆ ಹೋಗುತ್ತದೆ ಅಷ್ಟೇ. ಹೆಚ್ಚಾದ ಕಡೆ ಪ್ಲಸ್, ಕಡಿಮೆಯಾದ ಕಡೆ ಮೈನಸ್. ಒಟ್ಟು ಮೊತ್ತ ಬದಲಾಗದು. ಸಿಡಿಲೂ ಇದೇ ವಿದ್ಯುತ್ತು ಎಂಬ ಅವನ ಊಹೆ 1752ರಲ್ಲಿ ಫ್ರಾನ್ಸಿನಲ್ಲಿ ನಡೆದ ಪ್ರಯೋಗದಿಂದ ನಿಜವಾಯಿತು. ಸಿಡಿಲು ಬಡಿದು ಸುಳಿ ಸುಟ್ಟ ತೆಂಗಿನ ಮರವನ್ನು ಕಂಡ ನಮಗೆ ಆ ಖಾತೆಯ ಬಾಕಿ ಎಷ್ಟು ಜೋರಾಗಿ ತೀರುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ. ಗುಡುಗುವಾಗ ತೋಟದ ಮರದಡಿ ನಿಲ್ಲಬಾರದು ಎಂಬುದೂ ಇದರಿಂದಲೇ ಸಿಗುವ ಪಾಠ.

ಪ್ಲಸ್, ಮೈನಸ್‌ಗಳಿಗೆ ಕನ್ನಡದಲ್ಲಿ ಧನ, ಋಣ ಎನ್ನುತ್ತೇವೆ. ಧನವೆಂದರೆ ಕೈಯಲ್ಲಿರುವ ಹಣ, ಋಣವೆಂದರೆ ಸಾಲ. ಗಣಿತಜ್ಞ ಬ್ರಹ್ಮಗುಪ್ತ ಕ್ರಿ.ಶ. 628ರಲ್ಲೇ ಈ ಎರಡು ಮಾತುಗಳಿಂದ ಕೂಡುವ ಕಳೆಯುವ ನಿಯಮಗಳನ್ನು ಬರೆದಿಟ್ಟಿದ್ದ. ಫ್ರಾಂಕ್ಲಿನ್‌ನ ಖಾತೆಗೆ ನಮ್ಮ ಭಾಷೆಯಲ್ಲಿ ಅದಕ್ಕಿಂತ ಸಾವಿರ ವರ್ಷ ಹಳೆಯ ಪದ ಸಿದ್ಧವಾಗಿತ್ತು.

ಈಗ ಒಂದು ಲೆಕ್ಕ ನೋಡಿ. ಒಂದೇ ಗಾತ್ರದ ಎರಡು ಲೋಹದ ಗುಂಡುಗಳಿವೆ. ಒಂದರ ಮೇಲೆ ಧನ 6 ಮೈಕ್ರೋಕೂಲಂಬ್, ಇನ್ನೊಂದರ ಮೇಲೆ ಋಣ 2 ಮೈಕ್ರೋಕೂಲಂಬ್. ಎರಡನ್ನೂ ಮುಟ್ಟಿಸಿ ಬೇರೆ ಮಾಡಿದರೆ ಪ್ರತಿಯೊಂದರ ಮೇಲೆ ಎಷ್ಟು ಆವೇಶ ಉಳಿಯುತ್ತದೆ?

ಕೊಬ್ಬರಿ ಮಂಡಿಯ ಇಬ್ಬರು ಪಾಲುದಾರರೆಂದು ಭಾವಿಸಿ. ಒಬ್ಬನ ಬಳಿ 6 ಸಾವಿರ ರೂಪಾಯಿ ಇದೆ, ಇನ್ನೊಬ್ಬನಿಗೆ 2 ಸಾವಿರ ಸಾಲವಿದೆ. ಇಬ್ಬರೂ ಖಾತೆ ಒಂದು ಮಾಡಿ ಸಮನಾಗಿ ಹಂಚಿಕೊಂಡರೆ, ಸಾಲ ತೀರಿ ಉಳಿದ 4 ಸಾವಿರದಲ್ಲಿ ತಲಾ 2 ಸಾವಿರ. ಗುಂಡುಗಳಿಗೂ ಹಾಗೆಯೇ, ತಲಾ ಧನ 2 ಮೈಕ್ರೋಕೂಲಂಬ್. ಮುಟ್ಟಿಸುವ ಮೊದಲು ಒಂದು ಧನ, ಒಂದು ಋಣ ಆಗಿದ್ದರಿಂದ ಸೆಳೆತ. ಮುಟ್ಟಿಸಿದ ಮೇಲೆ ಎರಡೂ ಧನ, ಆದ್ದರಿಂದ ದೂಡುವಿಕೆ. ಇಷ್ಟಕ್ಕೆ ಯಾವ ಸೂತ್ರವೂ ಬೇಕಾಗಲಿಲ್ಲ. ದು ಫೇ ಮತ್ತು ಫ್ರಾಂಕ್ಲಿನ್ ಇಬ್ಬರೇ ಸಾಕಾದರು. ಸೆಳೆತ ಎಷ್ಟು, ದೂಡುವಿಕೆ ಎಷ್ಟು ಎಂದು ಹೇಳಲು ಮಾತ್ರ ಜಗತ್ತು ಇನ್ನೂ ನಲವತ್ತು ವರ್ಷ ಕಾಯಬೇಕಾಯಿತು.

ತಿರುಚಿದ ತಂತಿಯ ತಕ್ಕಡಿ

ದೂರ ಹೆಚ್ಚಿದಂತೆ ಬಲ ಕಡಿಮೆಯಾಗುತ್ತದೆ ಎಂಬುದು ಎಲ್ಲರಿಗೂ ಕಾಣುತ್ತಿತ್ತು. ಎಷ್ಟು ಕಡಿಮೆ ಎಂಬುದೇ ಪ್ರಶ್ನೆ. 1767ರಲ್ಲಿ ಜೋಸೆಫ್ ಪ್ರೀಸ್ಟ್ಲಿ, ಇದೂ ನ್ಯೂಟನ್ನನ ಗುರುತ್ವದಂತೆ ದೂರದ ವರ್ಗಕ್ಕೆ ವಿಲೋಮವಾಗಿರಬೇಕು ಎಂದು ಊಹಿಸಿದ. ಆವೇಶವಿರುವ ಲೋಹದ ಪಾತ್ರೆಯ ಒಳಗೆ ಹಗುರ ವಸ್ತುವನ್ನು ಇಳಿಬಿಟ್ಟರೆ ಅದರ ಮೇಲೆ ಯಾವ ಸೆಳೆತವೂ ಇರುವುದಿಲ್ಲ ಎಂಬುದೇ ಅವನ ಆಧಾರ. ಅದು ಜಾಣ ಊಹೆ, ಆದರೆ ಬಲವನ್ನು ಅಳೆದದ್ದಲ್ಲ.

ಇಂಗ್ಲೆಂಡಿನ ಶ್ರೀಮಂತ ಹೆನ್ರಿ ಕಾವೆಂಡಿಶ್ 1772-73ರಲ್ಲಿ ಒಂದರೊಳಗೊಂದು ಗೋಳಗಳನ್ನಿಟ್ಟು ಪ್ರಯೋಗ ಮಾಡಿ ಈ ನಿಯಮವನ್ನು ಬಹಳ ಚೆನ್ನಾಗಿಯೇ ಸ್ಥಾಪಿಸಿದ. ಆದರೆ ಜನರೊಡನೆ ಮಾತನಾಡಲೂ ನಾಚುವ ಸ್ವಭಾವದ ಆತ ಅದನ್ನು ಪ್ರಕಟಿಸಲೇ ಇಲ್ಲ. ಕಾಗದಗಳು ಕಟ್ಟಿನಲ್ಲೇ ಉಳಿದವು. ನೂರು ವರ್ಷಗಳ ಮೇಲೆ, 1879ರಲ್ಲಿ, ಮ್ಯಾಕ್ಸ್‌ವೆಲ್ ಅವನ್ನು ಹೊರತಂದಾಗ ಜಗತ್ತಿಗೆ ತಿಳಿಯಿತು. ಅಷ್ಟರಲ್ಲಿ ನಿಯಮಕ್ಕೆ ಬೇರೆಯವನ ಹೆಸರು ನಿಂತಿತ್ತು.

ಆ ಬೇರೆಯವನೇ ಚಾರ್ಲ್ಸ್ ಕೂಲಂಬ್. 1736ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ಈತ ಸೈನ್ಯದ ಎಂಜಿನಿಯರ್. ವೆಸ್ಟ್ ಇಂಡೀಸಿನ ಮಾರ್ಟಿನಿಕ್ ದ್ವೀಪದಲ್ಲಿ ವರ್ಷಗಟ್ಟಲೆ ಕೋಟೆ ಕಟ್ಟಿಸಿ, ಅಲ್ಲಿಯ ಹವೆಗೆ ಆರೋಗ್ಯ ಕೆಡಿಸಿಕೊಂಡು ಮರಳಿದವನು. ಕಲ್ಲು, ಮಣ್ಣು, ಹಗ್ಗ, ತಂತಿಗಳ ಗುಣ ಅವನ ಕೈಗೆ ಗೊತ್ತಿತ್ತು.

ನಮ್ಮ ಕಡೆ ತೆಂಗಿನ ನಾರಿನ ಹುರಿ ಹೊಸೆಯುವುದನ್ನು ನೀವು ನೋಡಿದ್ದೀರಿ. ಹೊಸೆದ ಹುರಿಯನ್ನು ಬಿಟ್ಟರೆ ಅದು ಬಿಚ್ಚಿಕೊಳ್ಳಲು ತಿರುಗುತ್ತದೆ. ಹೆಚ್ಚು ತಿರುಚಿದಷ್ಟೂ ಹೆಚ್ಚು ಜೋರಾಗಿ ತಿರುಗುತ್ತದೆ. ಲೋಹದ ತಂತಿಗೂ ಈ ಗುಣವಿದೆ, ಮತ್ತು ಅದು ತಿರುಚಿದ ಕೋನಕ್ಕೆ ಸರಿಯಾಗಿ ಅನುಪಾತದಲ್ಲಿರುತ್ತದೆ ಎಂದು ಕೂಲಂಬ್ 1784ರಲ್ಲಿ ತೋರಿಸಿದ. ಅಂದರೆ ತಿರುಚಿದ ತಂತಿಯೇ ಒಂದು ತಕ್ಕಡಿ. ಕೊಬ್ಬರಿ ತೂಗುವ ತಕ್ಕಡಿಗೆ ಸಿಕ್ಕದಷ್ಟು ಸಣ್ಣ ಬಲವನ್ನು ಇದು ತೂಗಬಲ್ಲದು.

1785ರಲ್ಲಿ ಆತ ಗಾಜಿನ ಪಾತ್ರೆಯೊಳಗೆ ಬಹು ತೆಳುವಾದ ಬೆಳ್ಳಿ ತಂತಿಯನ್ನು ಇಳಿಬಿಟ್ಟು, ಅದಕ್ಕೆ ಅಡ್ಡಲಾಗಿ ಒಂದು ಕಡ್ಡಿ ಕಟ್ಟಿ, ಕಡ್ಡಿಯ ತುದಿಗೆ ಬೆಂಡಿನ ಗುಂಡು ಸಿಕ್ಕಿಸಿದ. ಅದರ ಪಕ್ಕದಲ್ಲಿ ಅಂಥದೇ ಇನ್ನೊಂದು ಗುಂಡನ್ನು ಅಲುಗದಂತೆ ನಿಲ್ಲಿಸಿದ. ಎರಡಕ್ಕೂ ಒಂದೇ ಬಗೆಯ ಆವೇಶ ಕೊಟ್ಟಾಗ ತೂಗಾಡುವ ಗುಂಡು ದೂರ ಸರಿಯಿತು, ತಂತಿ ತಿರುಚಿಕೊಂಡಿತು. ಅವನು ಬರೆದಿಟ್ಟ ಮೂರು ಅಳತೆಗಳು ಇವು:

ಮೊದಲ ಸಲ ಗುಂಡುಗಳ ನಡುವೆ 36 ಡಿಗ್ರಿ ಅಂತರ, ತಂತಿಯ ತಿರುಚು 36 ಡಿಗ್ರಿ.
ಎರಡನೆಯ ಸಲ ತಂತಿಯನ್ನು ಮೇಲಿನಿಂದ 126 ಡಿಗ್ರಿ ತಿರುಚಿ ಗುಂಡನ್ನು ಹತ್ತಿರ ತಂದಾಗ ಅಂತರ 18 ಡಿಗ್ರಿ, ಒಟ್ಟು ತಿರುಚು 126 ಮತ್ತು 18 ಸೇರಿ 144 ಡಿಗ್ರಿ.
ಮೂರನೆಯ ಸಲ 567 ಡಿಗ್ರಿ ತಿರುಚಿದಾಗ ಅಂತರ ಎಂಟೂವರೆ ಡಿಗ್ರಿ, ಒಟ್ಟು ತಿರುಚು ಐನೂರ ಎಪ್ಪತ್ತೈದೂವರೆ ಡಿಗ್ರಿ.

ಪೆನ್ಸಿಲ್ ತೆಗೆದುಕೊಳ್ಳಿ. 36 ಹೋಗಿ 18 ಆಯಿತು, ಅಂತರ ಅರ್ಧವಾಯಿತು. 36 ಹೋಗಿ 144 ಆಯಿತು, ಬಲ ನಾಲ್ಕು ಪಟ್ಟಾಯಿತು. ಅಂತರ ಕಾಲುಭಾಗ, ಅಂದರೆ 9 ಡಿಗ್ರಿ ಆದರೆ ಬಲ ಹದಿನಾರು ಪಟ್ಟು, ಅಂದರೆ 576 ಆಗಬೇಕು. ಅವನಿಗೆ ಅಂತರ 9ರ ಬದಲು ಎಂಟೂವರೆ, ತಿರುಚು 576ರ ಬದಲು ಐನೂರ ಎಪ್ಪತ್ತೈದೂವರೆ ಸಿಕ್ಕಿತು. ಅಂತರ ಎರಡರಲ್ಲೊಂದಾದರೆ ಬಲ ನಾಲ್ಕು, ನಾಲ್ಕರಲ್ಲೊಂದಾದರೆ ಹದಿನಾರು. ಇದೇ ವಿಲೋಮ ವರ್ಗ ನಿಯಮ.

ಆದರೆ ಜಾಗರೂಕ ವಿದ್ಯಾರ್ಥಿ ಇಲ್ಲಿ ಕೈಯೆತ್ತಬೇಕು. ಅಂತರ ನಿಜಕ್ಕೂ ಎಂಟೂವರೆ ಡಿಗ್ರಿ ಆಗಿದ್ದರೆ, ನಿಯಮದ ಪ್ರಕಾರ ತಿರುಚು ಸುಮಾರು 646 ಡಿಗ್ರಿ ಇರಬೇಕಿತ್ತು. ಸಿಕ್ಕಿದ್ದು ಅದಕ್ಕಿಂತ ನೂರಕ್ಕೆ ಹನ್ನೊಂದರಷ್ಟು ಕಡಿಮೆ. ಗುಂಡುಗಳ ಆವೇಶ ಗಾಳಿಯಲ್ಲಿ ಸ್ವಲ್ಪ ಸ್ವಲ್ಪವಾಗಿ ಸೋರುತ್ತದೆ ಎಂಬುದು ಕೂಲಂಬನಿಗೆ ಗೊತ್ತಿತ್ತು. ಗುಂಡುಗಳು ಬಹಳ ಹತ್ತಿರ ಬಂದಾಗ ಆವೇಶ ಅವುಗಳ ಆಚೆ ಬದಿಗೆ ಸರಿಯುವುದರಿಂದಲೂ ಬಲ ಕಡಿಮೆಯಾಗುತ್ತದೆ. ನಿಮ್ಮ ಪ್ರಯೋಗಶಾಲೆಯ ಅಳತೆ ಪುಸ್ತಕದ ಉತ್ತರಕ್ಕೆ ಕೂದಲೆಳೆಯಷ್ಟೂ ತಪ್ಪದೆ ಹೊಂದದಿದ್ದರೆ ಅಂಕಿಯನ್ನು ತಿದ್ದಿ ಬರೆಯಬೇಡಿ. ಕೂಲಂಬ್ ತಿದ್ದಲಿಲ್ಲ. ಕಂಡದ್ದನ್ನು ಕಂಡಂತೆ ಬರೆದ. ಅದಕ್ಕೇ ಇಂದು ನಾವು ಅವನ ಅಂಕಿಗಳನ್ನು ಪರೀಕ್ಷಿಸಿ ನೋಡಬಹುದಾಗಿದೆ.

ಲೆಕ್ಕ ಬಿಡಿಸುವ ಕ್ರಮ

1881ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ವಿದ್ಯುತ್ ತಜ್ಞರ ಅಂತರರಾಷ್ಟ್ರೀಯ ಸಮ್ಮೇಳನ ಆವೇಶದ ಅಳತೆಗೆ ಕೂಲಂಬ್ ಎಂದು ಹೆಸರಿಟ್ಟಿತು. ಈ ಅಳತೆ ಎಷ್ಟು ದೊಡ್ಡದೆಂದರೆ, ಒಂದೊಂದು ಕೂಲಂಬಿನ ಎರಡು ಆವೇಶಗಳನ್ನು ಒಂದು ಮೀಟರ್ ದೂರದಲ್ಲಿಟ್ಟರೆ ಬಲ 9 × 10⁹ ನ್ಯೂಟನ್. ಸುಮಾರು ಒಂಬತ್ತು ಲಕ್ಷ ಟನ್ ತೂಕಕ್ಕೆ ಸಮ! ಆದ್ದರಿಂದಲೇ ಪುಸ್ತಕದ ಲೆಕ್ಕಗಳೆಲ್ಲ ಅದರ ಹತ್ತು ಲಕ್ಷದಲ್ಲೊಂದು ಭಾಗವಾದ ಮೈಕ್ರೋಕೂಲಂಬಿನಲ್ಲಿ ಇರುತ್ತವೆ. ಸೂತ್ರದಲ್ಲಿ ಬರುವ ಸ್ಥಿರಾಂಕವೂ ಇದೇ 9 × 10⁹.

ಬಲ = 9 × 10⁹ × ಮೊದಲ ಆವೇಶ × ಎರಡನೆಯ ಆವೇಶ ÷ ಅಂತರದ ವರ್ಗ

ಈಗ ಚರಿತ್ರೆಯ ಕ್ರಮದಲ್ಲೇ ನಡೆಯಿರಿ. ಮೊದಲು ಎರಡು ಚುಕ್ಕೆ ಹಾಕಿ ಚಿತ್ರ ಬರೆಯಿರಿ. ದು ಫೇಯನ್ನು ನೆನೆದು, ಸೆಳೆತವೋ ದೂಡುವಿಕೆಯೋ ಎಂದು ಬಾಣದ ಗುರುತು ಹಾಕಿರಿ. ಫ್ರಾಂಕ್ಲಿನ್‌ನನ್ನು ನೆನೆದು ಖಾತೆ ನೋಡಿರಿ, ಗುಂಡುಗಳನ್ನು ಮುಟ್ಟಿಸಿದ್ದಾರೆಯೇ, ಆವೇಶ ಹಂಚಿಹೋಗಿದೆಯೇ? ಆಮೇಲೆ ಪ್ಯಾರಿಸ್ ಸಮ್ಮೇಳನವನ್ನು ನೆನೆದು ಅಳತೆಗಳನ್ನು ಸರಿಪಡಿಸಿರಿ, ಸೆಂಟಿಮೀಟರನ್ನು ಮೀಟರಿಗೆ, ಮೈಕ್ರೋ ಇದ್ದಲ್ಲಿ 10⁻⁶. ಕೊನೆಗೆ ಕೂಲಂಬನ ಸೂತ್ರ. ಸೂತ್ರದೊಳಗೆ ಧನ ಋಣ ಚಿಹ್ನೆಗಳನ್ನು ತುರುಕಬೇಡಿ, ದಿಕ್ಕನ್ನು ಬಾಣ ಆಗಲೇ ಹೇಳಿದೆ. ಸೂತ್ರ ಹೇಳಬೇಕಾದದ್ದು ಎಷ್ಟು ಎಂಬುದನ್ನು ಮಾತ್ರ.

ನಮ್ಮ ಎರಡು ಗುಂಡುಗಳಿಗೆ ಮರಳೋಣ. ಅಂತರ 30 ಸೆಂಟಿಮೀಟರ್ ಎಂದಿರಲಿ, ಅಂದರೆ 0.3 ಮೀಟರ್. ಅದರ ವರ್ಗ 0.09. ಮುಟ್ಟಿಸುವ ಮೊದಲು:

9 × 10⁹ × 6 × 10⁻⁶ × 2 × 10⁻⁶ ÷ 0.09 = 1.2 ನ್ಯೂಟನ್, ಸೆಳೆತ.

ಮುಟ್ಟಿಸಿ ಮತ್ತೆ ಅಷ್ಟೇ ದೂರ ಇಟ್ಟ ಮೇಲೆ:

9 × 10⁹ × 2 × 10⁻⁶ × 2 × 10⁻⁶ ÷ 0.09 = 0.4 ನ್ಯೂಟನ್, ದೂಡುವಿಕೆ.

ಉತ್ತರ ಬಂದ ಮೇಲೆ ಅದನ್ನು ಕೈಯಲ್ಲಿ ತೂಗಿ ನೋಡಿರಿ. 0.4 ನ್ಯೂಟನ್ ಎಂದರೆ ಸುಮಾರು ನಲವತ್ತು ಗ್ರಾಂ ತೂಕ. ನಂಬಬಹುದಾದ ಉತ್ತರ. ಮೈಕ್ರೋ ಮರೆತು 6 ಕೂಲಂಬ್, 2 ಕೂಲಂಬ್ ಎಂದೇ ಬರೆದಿದ್ದರೆ ಮೊದಲ ಉತ್ತರ ಲಕ್ಷ ಕೋಟಿ ನ್ಯೂಟನ್ ದಾಟುತ್ತಿತ್ತು. ಗಾಜಿನ ಪಾತ್ರೆಯೊಳಗಿನ ಬಲ ಬೆಟ್ಟದ ತೂಕಕ್ಕೆ ಸಮ ಬಂದರೆ ಎಲ್ಲೋ ತಪ್ಪಿದೆ ಎಂದು ಕೂಡಲೇ ತಿಳಿಯಬೇಕು. ಅಂತರವನ್ನು 30 ಎಂದೇ ಬಿಟ್ಟರೆ ಉತ್ತರ ಹತ್ತು ಸಾವಿರ ಪಟ್ಟು ಕಡಿಮೆ ಬರುತ್ತದೆ. ಏಕೆ ನೂರು ಪಟ್ಟಲ್ಲ, ಹತ್ತು ಸಾವಿರ? ಅಂತರಕ್ಕೆ ವರ್ಗವಿದೆ, ನೂರರ ವರ್ಗ ಹತ್ತು ಸಾವಿರ.

ಇನ್ನೊಂದು ತಪ್ಪು ಬುದ್ಧಿವಂತರೂ ಮಾಡುತ್ತಾರೆ. 6 ಮೈಕ್ರೋಕೂಲಂಬಿನ ಗುಂಡು 2 ಮೈಕ್ರೋಕೂಲಂಬಿನದನ್ನು ಹೆಚ್ಚು ಬಲದಿಂದ ಎಳೆಯುತ್ತದೆ ಎಂದು ಭಾವಿಸುವುದು. ಹಾಗಿಲ್ಲ. ದೊಡ್ಡದು ಚಿಕ್ಕದನ್ನು ಎಳೆಯುವಷ್ಟೇ ಚಿಕ್ಕದೂ ದೊಡ್ಡದನ್ನು ಎಳೆಯುತ್ತದೆ. ನ್ಯೂಟನ್ನನ ಮೂರನೆಯ ನಿಯಮ ಇಲ್ಲಿಯೂ ನಡೆಯುತ್ತದೆ.

ನಮ್ಮ ಜಿಲ್ಲೆಯ ಇಬ್ಬರು

ಇದೆಲ್ಲ ಪ್ಯಾರಿಸ್, ಲಂಡನ್ನಿನ ಕಥೆ, ನಮಗೂ ಅದಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ನಮ್ಮ ತುಮಕೂರು ಜಿಲ್ಲೆಯ ಇಬ್ಬರನ್ನು ನೆನೆದರೆ ಉತ್ತರ ಸಿಗುತ್ತದೆ.

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿತು. ವಿದ್ಯುತ್ತು ಬಂದರೂ ಅದರ ವಿದ್ಯೆ ಕನ್ನಡಕ್ಕೆ ಬಂದಿರಲಿಲ್ಲ. ಆ ಕೆಲಸಕ್ಕೆ ಕೈಹಾಕಿದವರಲ್ಲಿ ಮೊದಲಿಗರು ಬೆಳ್ಳಾವೆ ವೆಂಕಟನಾರಣಪ್ಪನವರು. ಅವರ ಹೆಸರಿನ ಮುಂದಿರುವ ಬೆಳ್ಳಾವೆ ನಮ್ಮ ಜಿಲ್ಲೆಯದೇ ಊರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಅವರು, ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ಜೊತೆ ಸೇರಿ 1918ರಲ್ಲಿ 'ವಿಜ್ಞಾನ' ಎಂಬ ಕನ್ನಡ ಮಾಸಪತ್ರಿಕೆ ಹೊರಡಿಸಿದರು. ಪತ್ರಿಕೆ ಎರಡು ವರ್ಷದ ಆಸುಪಾಸು ಮಾತ್ರ ಬದುಕಿತು. ಆದರೆ ಇಂಗ್ಲಿಷಿನಲ್ಲಿ ಪಾಠ ಹೇಳುವ ಪ್ರೊಫೆಸರೊಬ್ಬರು ವಿಜ್ಞಾನವನ್ನು ತಮ್ಮ ಜನರ ಮಾತಿನಲ್ಲಿ ಹೇಳಲು ಹೊರಟದ್ದು ಸಣ್ಣ ಸಂಗತಿಯಲ್ಲ. 'ಚಾರ್ಜ್' ಎಂದರೆ ಏನೆಂದು ತಿಳಿಯದೆ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತ ಹುಡುಗನಿಗೆ ಇಂದು ಬೇಕಾಗಿರುವುದೂ ಅಂಥವರೇ.

ಎರಡನೆಯವರು ಹತ್ತಿರದ ತಿಪಟೂರಿನಲ್ಲಿ 1925ರ ಜನವರಿ 28ರಂದು ಹುಟ್ಟಿದ ರಾಜಾ ರಾಮಣ್ಣ. ಅವರ ಕಥೆ ಹೇಳುವ ಮುನ್ನ 1938ರ ಡಿಸೆಂಬರಿನ ಒಂದು ಘಟನೆ ಹೇಳಬೇಕು.

ಲೀಸ್ ಮೈಟ್ನರ್ ಎಂಬ ಮಹಿಳಾ ವಿಜ್ಞಾನಿ ಯಹೂದಿ ಕುಲದಲ್ಲಿ ಹುಟ್ಟಿದ ಕಾರಣಕ್ಕೆ ಆ ವರ್ಷದ ಜುಲೈಯಲ್ಲಿ ಹಿಟ್ಲರನ ಜರ್ಮನಿಯನ್ನು ಬಿಟ್ಟು ಓಡಬೇಕಾಯಿತು. ಮೂವತ್ತು ವರ್ಷ ದುಡಿದ ಪ್ರಯೋಗಶಾಲೆ, ಮನೆ, ಎಲ್ಲ ಹಿಂದೆ ಉಳಿದವು. ಸ್ವೀಡನ್ನಿನಲ್ಲಿದ್ದ ಅವರಿಗೆ ಬರ್ಲಿನ್ನಿನಿಂದ ಹಳೆಯ ಸಹೋದ್ಯೋಗಿ ಆಟೋ ಹಾನ್ ಪತ್ರ ಬರೆದರು. ಯುರೇನಿಯಂಗೆ ನ್ಯೂಟ್ರಾನ್ ಬಡಿಸಿದರೆ ಬೇರಿಯಂ ಸಿಗುತ್ತಿದೆ, ಇದು ಹೇಗೆ? ಮೈಟ್ನರ್ ತಮ್ಮ ಅಕ್ಕನ ಮಗ ಆಟೋ ಫ್ರಿಶ್ ಜೊತೆ ಹಿಮದಲ್ಲಿ ನಡೆಯುತ್ತಾ ಚರ್ಚಿಸಿದರು. ಒಂದು ಮರದ ದಿಮ್ಮಿಯ ಮೇಲೆ ಕುಳಿತು ಕಾಗದದ ಚೂರುಗಳ ಮೇಲೆ ಲೆಕ್ಕ ಹಾಕಿದರು. ಯುರೇನಿಯಂ ನ್ಯೂಕ್ಲಿಯಸ್ ಎರಡು ತುಂಡಾದರೆ, ಎರಡೂ ಧನ ಆವೇಶದವಾದ್ದರಿಂದ ಒಂದನ್ನೊಂದು ಭಯಂಕರವಾಗಿ ದೂಡುತ್ತವೆ. ಮಿತ್ರರೇ, ಅವರು ಹಾಕಿದ್ದು ಬೇರೆ ಯಾವ ಲೆಕ್ಕವೂ ಅಲ್ಲ, ನಿಮ್ಮ ಮೊದಲ ಅಧ್ಯಾಯದ ನಿಯಮದ ಮೇಲೆ ನಿಂತ ಲೆಕ್ಕವೇ.

ನಾವೂ ಅದರ ಬಲವನ್ನು ಕಂಡುಹಿಡಿಯೋಣ. ಯುರೇನಿಯಂನಲ್ಲಿ 92 ಪ್ರೋಟಾನ್‌ಗಳು. ಒಡೆದಾಗ ಬೇರಿಯಂಗೆ 56, ಕ್ರಿಪ್ಟಾನ್‌ಗೆ 36. ಖಾತೆ ಸರಿಹೋಯಿತು. ಒಂದು ಪ್ರೋಟಾನಿನ ಆವೇಶ 1.6 × 10⁻¹⁹ ಕೂಲಂಬ್. ತುಂಡುಗಳ ಕೇಂದ್ರಗಳ ನಡುವೆ 17 × 10⁻¹⁵ ಮೀಟರ್ ಅಂತರ ಎಂದಿಟ್ಟುಕೊಳ್ಳೋಣ.

9 × 10⁹ × (56 × 1.6 × 10⁻¹⁹) × (36 × 1.6 × 10⁻¹⁹) ÷ (17 × 10⁻¹⁵)² = ಸುಮಾರು 1600 ನ್ಯೂಟನ್, ದೂಡುವಿಕೆ.

ತಿಪಟೂರಿನ ಮಾರುಕಟ್ಟೆಯ ಲೆಕ್ಕದಲ್ಲಿ ಹೇಳುವುದಾದರೆ ಒಂದೂವರೆ ಕ್ವಿಂಟಾಲಿಗೂ ಮಿಕ್ಕ ತೂಕ! ಅದು ಬೀಳುವುದು ಯಾವ ಸೂಕ್ಷ್ಮದರ್ಶಕಕ್ಕೂ ಕಾಣದ, ತೂಕವೇ ಇಲ್ಲವೆನ್ನುವಷ್ಟು ಹಗುರ ಕಣದ ಮೇಲೆ. ಒಡೆಯುವ ಮುನ್ನ ಅವುಗಳನ್ನು ಹಿಡಿದಿಟ್ಟಿದ್ದು ಬಹಳ ಹತ್ತಿರದಲ್ಲಿ ಮಾತ್ರ ಕೆಲಸ ಮಾಡುವ ಇನ್ನೊಂದು ಬಲ. ಒಮ್ಮೆ ತುಂಡಾದರೆ ಕೂಲಂಬನ ಬಲವೇ ಗೆಲ್ಲುತ್ತದೆ. ಪರಮಾಣು ಶಕ್ತಿಯ ಬಹುಪಾಲು ಈ ದೂಡುವಿಕೆಯಿಂದಲೇ ಬರುತ್ತದೆ.

ಆ ಡಿಸೆಂಬರಿನಲ್ಲಿ ರಾಜಾ ರಾಮಣ್ಣ ಹದಿಮೂರು ವರ್ಷದ ಬಾಲಕ. ಮುಂದೆ ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಡಾಕ್ಟರೇಟ್ ಪಡೆದು, 1949ರಲ್ಲಿ ಹೋಮಿ ಭಾಭಾ ಅವರ ಸಂಸ್ಥೆ ಸೇರಿ, ನ್ಯೂಕ್ಲಿಯಸ್ ಒಡೆಯುವ ಈ ಕ್ರಿಯೆಯನ್ನೇ ತಮ್ಮ ಸಂಶೋಧನೆಯ ಮುಖ್ಯ ವಿಷಯ ಮಾಡಿಕೊಂಡರು. 1956ರ ಆಗಸ್ಟ್ 4ರಂದು ಟ್ರಾಂಬೆಯಲ್ಲಿ ದೇಶದ ಮೊದಲ ರಿಯಾಕ್ಟರ್ ಅಪ್ಸರಾ ಕೆಲಸ ಆರಂಭಿಸಿದಾಗ ಆ ತಂಡದಲ್ಲಿ ಅವರಿದ್ದರು. 1974ರ ಮೇ 18ರಂದು ಪೋಖ್ರಾನ್‌ನಲ್ಲಿ ಭಾರತ ನಡೆಸಿದ ಮೊದಲ ಪರಮಾಣು ಪರೀಕ್ಷೆಯ ನೇತೃತ್ವ ಅವರದು. 2004ರಲ್ಲಿ ತೀರಿಕೊಂಡರು. ಬಾಂಬಿನ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ತೆಂಗಿನ ಸೀಮೆಯಲ್ಲಿ ಹುಟ್ಟಿದ ಒಬ್ಬರ ಜೀವಮಾನದ ಕೆಲಸ, ನೀವು ಕಷ್ಟವೆಂದು ಬಿಟ್ಟ ಆ ಮೂರು ಸಾಲಿನ ಲೆಕ್ಕದ ಮೇಲೆ ನಿಂತಿತ್ತು ಎಂಬುದನ್ನು ಮರೆಯಬೇಡಿ.

ಕಾವೆಂಡಿಶನ ಕಾಗದದ ಕಟ್ಟು

ಕೊನೆಯದಾಗಿ ಎರಡು ಮಾತು, ಒಂದು ವಿದ್ಯಾರ್ಥಿಗಳಿಗೆ, ಒಂದು ಹಿರಿಯರಿಗೆ.

ವಿದ್ಯಾರ್ಥಿಗಳೇ, ಈ ಲೇಖನ ಮುಚ್ಚಿಟ್ಟು ಒಂದು ಹಾಳೆಯ ಮೇಲೆ ಈ ಲೆಕ್ಕ ಮಾಡಿ. ಎರಡು ಗುಂಡುಗಳು, ಧನ 4 ಮತ್ತು ಧನ 1 ಮೈಕ್ರೋಕೂಲಂಬ್, ಅಂತರ 30 ಸೆಂಟಿಮೀಟರ್. ಬಲ ಎಷ್ಟು, ಯಾವ ದಿಕ್ಕಿಗೆ? ಅಂತರವನ್ನು 60ಕ್ಕೆ ಹೆಚ್ಚಿಸಿದರೆ ಎಷ್ಟು? ಎರಡನೆಯದಕ್ಕೆ ಸೂತ್ರ ಹಾಕಬೇಡಿ, ಕೂಲಂಬನ 36 ಮತ್ತು 18ನ್ನು ನೆನೆದು ಬಾಯಲ್ಲೇ ಹೇಳಿ. ಮೊದಲನೆಯದು 0.4 ನ್ಯೂಟನ್, ಎರಡನೆಯದು 0.1 ನ್ಯೂಟನ್, ಎರಡೂ ದೂಡುವಿಕೆ ಎಂದು ಬಂದರೆ ಅಧ್ಯಾಯದ ಬಾಗಿಲು ನಿಮಗೆ ತೆರೆಯಿತು ಎಂದೇ ಅರ್ಥ.

ಹಿರಿಯರೇ, ನಮ್ಮಲ್ಲಿ ಎಂಜಿನಿಯರುಗಳಾದವರು, ಶಿಕ್ಷಕರಾದವರು, ಡಿಪ್ಲೊಮಾ ಮುಗಿಸಿದವರು ಇದ್ದಾರೆ. ಅವರೆಲ್ಲರಿಗೂ ಈ ಲೆಕ್ಕ ಗೊತ್ತು. ಗೊತ್ತಿದ್ದೂ ಹೇಳಿಕೊಡದೆ ಉಳಿದರೆ ಕಾವೆಂಡಿಶನ ಕಾಗದಗಳಂತೆ ಅದು ಕಟ್ಟಿನಲ್ಲೇ ಉಳಿಯುತ್ತದೆ. ಅವನ ಕಾಗದಗಳಿಗಾಗಿ ಜಗತ್ತು ನೂರು ವರ್ಷ ಕಾಯಿತು. ನಮ್ಮ ಮಕ್ಕಳಿಗೆ ಅಷ್ಟು ಸಮಯವಿಲ್ಲ, ಅವರ ಪರೀಕ್ಷೆ ಬರುವ ಮಾರ್ಚಿಗೇ ಇದೆ. ವಾರಕ್ಕೊಂದು ಸಂಜೆ, ಒಂದು ಗಂಟೆ, ಕರಿಹಲಗೆಯ ಮೇಲೆ ಎರಡು ಚುಕ್ಕೆ, ಒಂದು ಬಾಣ. ಉರ್ದುವಿನಲ್ಲಿ ಹೇಳಿ, ಕನ್ನಡದಲ್ಲಿ ಹೇಳಿ, ಆಮೇಲೆ ಇಂಗ್ಲಿಷಿನಲ್ಲಿ ಬರೆಸಿ. ಅಷ್ಟು ಮಾಡಿದರೆ ಮುಂದಿನ ವರ್ಷ ಈ ಸಂಚಿಕೆ ಹೊರಬರುವ ಹೊತ್ತಿಗೆ, ಭೌತಶಾಸ್ತ್ರ ಬಿಡಬೇಕೆಂದಿದ್ದ ಒಬ್ಬ ಹುಡುಗಿಯಾದರೂ ಅದರಲ್ಲೇ ಮುಂದುವರಿದಿರುತ್ತಾಳೆ.